ಡಾಲರ್ ಬಿಲ್ಲಿಗೆ ಫಾರ್ವರ್ಡ್ ಕಾಂಟ್ರಾಕ್ಟ್: ಹೂಡಿಕೆ ನಿಧಿಗಳು ಪಾಲಿಸುವ ಶಿಸ್ತನ್ನು ನಮ್ಮ ಭಾಗದ ರಫ್ತುದಾರರು ಅಳವಡಿಸಿಕೊಳ್ಳುವ ಬಗೆ

ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿ ಮಾಲೀಕರು, ವಿಜಯಪುರ–ತಿಕೋಟಾ ಭಾಗದ ದ್ರಾಕ್ಷಿ ಹಾಗೂ ಒಣದ್ರಾಕ್ಷಿ ವ್ಯಾಪಾರಿಗಳು, ಬಾಗಲಕೋಟೆ ಕಡೆಯಿಂದ ದಾಳಿಂಬೆ ಕಳುಹಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಮಾಲು ಇವತ್ತು ಹೊರಡುತ್ತದೆ, ಹಣ ಎರಡು-ಮೂರು ತಿಂಗಳ ನಂತರ ಬರುತ್ತದೆ, ಅಷ್ಟರಲ್ಲಿ ಡಾಲರ್ ದರ ಇಳಿದರೆ ನಮ್ಮ ಗತಿ ಏನು? ಬ್ಯಾಂಕಿನವರು ಫಾರ್ವರ್ಡ್ ಬುಕ್ ಮಾಡಿ ಎನ್ನುತ್ತಾರೆ, ಅದು ಸಟ್ಟಾ ಅಲ್ಲವೇ? ರೂಪಾಯಿ ಹೇಗಿದ್ದರೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಬಂದಿದೆ, ಹಾಗಿರುವಾಗ ಡಾಲರ್ ಗಳಿಸುವವನು ಏಕೆ ಹೆದರಬೇಕು?

ಮೂರನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹೆಚ್ಚಿನವರು ಅಲ್ಲಿಯೇ ನಿಂತುಬಿಡುತ್ತಾರೆ. ದೀರ್ಘಾವಧಿಯಲ್ಲಿ ರೂಪಾಯಿ ಇಳಿದಿದೆ ಎಂಬುದು ನಿಜ. ಆದರೆ ನಿಮ್ಮ ಬಿಲ್ಲಿನ ಅವಧಿ ಇಪ್ಪತ್ತು ವರ್ಷವಲ್ಲ, ತೊಂಬತ್ತು ದಿನ. 2007ರ ಆರಂಭದಲ್ಲಿ 44 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಆ ವರ್ಷದ ಕೊನೆಗೆ 40ರ ಕೆಳಗೆ ಇಳಿಯಿತು. ಶೇಕಡಾ ಆರು-ಏಳರ ಲಾಭದ ಮೇಲೆ ಎರಕದ ಮಾಲು ಒಪ್ಪಿಕೊಂಡವರಿಗೆ ಶೇಕಡಾ ಹತ್ತರಷ್ಟು ದರ ಕುಸಿದರೆ ಲಾಭವಷ್ಟೇ ಅಲ್ಲ, ಅಸಲಿನ ಒಂದು ಭಾಗವೂ ಹೋಗುತ್ತದೆ. ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ, 2013ರ ಮೇ ತಿಂಗಳಲ್ಲಿ 55ರ ಹತ್ತಿರವಿದ್ದ ಡಾಲರ್ ಆಗಸ್ಟ್ 28ರಂದು 68ನ್ನು ದಾಟಿತು. ಆಗ ಪೆಟ್ಟು ತಿಂದವರು ಆಮದುದಾರರು. ಎರಡು ಸಂದರ್ಭಗಳಲ್ಲೂ ಪೆಟ್ಟು ಬಿದ್ದದ್ದು ಕೆಲವೇ ತಿಂಗಳ ಅಂತರದಲ್ಲಿ, ಮತ್ತು ಅದನ್ನು ಮುಂಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ.

ಫಾರ್ವರ್ಡ್ ಕಾಂಟ್ರಾಕ್ಟ್ ಎಂದರೆ

ಮುಂದಿನ ಒಂದು ನಿಗದಿತ ದಿನಾಂಕದಂದು ಇಷ್ಟು ಡಾಲರನ್ನು ಇಷ್ಟು ರೂಪಾಯಿ ದರದಲ್ಲಿ ಬ್ಯಾಂಕಿಗೆ ಮಾರುತ್ತೇನೆ ಎಂದು ಇಂದೇ ಮಾಡಿಕೊಳ್ಳುವ ಕರಾರೇ ಫಾರ್ವರ್ಡ್ ಕಾಂಟ್ರಾಕ್ಟ್. ತೋಟದಲ್ಲಿ ಹಣ್ಣು ಇನ್ನೂ ಗಿಡದ ಮೇಲಿರುವಾಗಲೇ ವ್ಯಾಪಾರಿಯೊಂದಿಗೆ ದರ ಮಾತಾಡಿ ಮುಗಿಸುವುದಕ್ಕೆ ಇದು ಹತ್ತಿರದ ವ್ಯವಹಾರ: ಕೊಯ್ಲಿನ ಹೊತ್ತಿಗೆ ಪೇಟೆ ಬಿದ್ದರೂ ನಿಮ್ಮ ದರ ನಿಮಗೆ ಸಿಗುತ್ತದೆ, ಪೇಟೆ ಏರಿದರೆ ಹೆಚ್ಚುವರಿ ಕೇಳುವ ಹಕ್ಕು ನಿಮಗಿರುವುದಿಲ್ಲ. ದರ ಬದಲಾವಣೆಯಿಂದ ಆಗುವ ನಷ್ಟವನ್ನು ಹೀಗೆ ಕರಾರಿನ ಮೂಲಕ ತಡೆಯುವುದಕ್ಕೆ ಹೆಡ್ಜಿಂಗ್ ಎನ್ನುತ್ತಾರೆ. ಸಟ್ಟಾ ಆಡುವವನು ಇಲ್ಲದ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ; ಹೆಡ್ಜ್ ಮಾಡುವವನು ಈಗಾಗಲೇ ಮೈಮೇಲಿರುವ ಅಪಾಯವನ್ನು ಇಳಿಸಿಕೊಳ್ಳುತ್ತಾನೆ. ಕರಾರು ಒಂದೇ ಆದರೂ ಹಿಂದೆ ನಿಜವಾದ ಬಿಲ್ಲು ಇದೆಯೋ ಇಲ್ಲವೋ ಎಂಬುದರ ಮೇಲೆ ಅದರ ಸ್ವರೂಪ ಬದಲಾಗುತ್ತದೆ.

ಇಂದಿನ ದರಕ್ಕೆ ಸ್ಪಾಟ್ ದರ ಎಂದು ಹೆಸರು. ಸ್ಪಾಟ್ ವ್ಯವಹಾರದಲ್ಲಿ ಹಣ ಕೈ ಬದಲಾಗುವುದು ಎರಡು ಕೆಲಸದ ದಿನಗಳ ನಂತರ. ಫಾರ್ವರ್ಡ್ ದರ ಇದಕ್ಕಿಂತ ಬೇರೆಯಾಗಿರುತ್ತದೆ, ಮತ್ತು ಆ ವ್ಯತ್ಯಾಸಕ್ಕೆ ಪ್ರೀಮಿಯಂ ಎನ್ನುತ್ತಾರೆ. ಇದನ್ನು ಬ್ಯಾಂಕಿನವರ ಭವಿಷ್ಯವಾಣಿ ಎಂದು ತಿಳಿಯುವುದು ಬಹಳ ಸಾಮಾನ್ಯವಾದ ತಪ್ಪು. ಪ್ರೀಮಿಯಂ ಮುಖ್ಯವಾಗಿ ಎರಡು ದೇಶಗಳ ಬಡ್ಡಿ ದರಗಳ ಅಂತರದಿಂದ ಹುಟ್ಟುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಸ್ಪಾಟ್ ದರ 90.00 ರೂಪಾಯಿ, ಭಾರತದಲ್ಲಿ ವಾರ್ಷಿಕ ಬಡ್ಡಿ ಶೇ. 6, ಅಮೆರಿಕದಲ್ಲಿ ಶೇ. 4 ಎಂದಿಟ್ಟುಕೊಳ್ಳಿ. ಮೂರು ತಿಂಗಳಲ್ಲಿ 90 ರೂಪಾಯಿ ಇಲ್ಲಿ 91.35 ಆಗುತ್ತದೆ, ಒಂದು ಡಾಲರ್ ಅಲ್ಲಿ 1.01 ಡಾಲರ್ ಆಗುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 90.45. ಅಂದರೆ ಪ್ರೀಮಿಯಂ 45 ಪೈಸೆ. ನಮ್ಮಲ್ಲಿ ಬಡ್ಡಿ ಹೆಚ್ಚಿರುವವರೆಗೆ ಡಾಲರಿನ ಫಾರ್ವರ್ಡ್ ದರ ಸ್ಪಾಟ್‌ಗಿಂತ ಮೇಲಿರುತ್ತದೆ, ಮತ್ತು ಡಾಲರ್ ಮಾರುವ ರಫ್ತುದಾರನಿಗೆ ಈ ಪ್ರೀಮಿಯಂ ಆದಾಯವಾಗಿ ಬರುತ್ತದೆ. ಹೆಡ್ಜಿಂಗ್ ಎಂದರೆ ಖರ್ಚು ಎಂದು ಹೆದರಿ ದೂರ ಉಳಿದವರು ಈ ಒಂದು ಸಾಲನ್ನು ಎರಡು ಸಲ ಓದಬೇಕು.

ಹೂಡಿಕೆ ನಿಧಿಗಳು ಇದನ್ನು ಹೇಗೆ ಮಾಡುತ್ತವೆ

ಫಾರ್ವರ್ಡ್ ಕಾಂಟ್ರಾಕ್ಟನ್ನು ಅತ್ಯಂತ ಕ್ರಮಬದ್ಧವಾಗಿ ಬಳಸುವವರು ದೊಡ್ಡ ಹೂಡಿಕೆ ನಿಧಿಗಳು, ಆದ್ದರಿಂದ ಅವುಗಳ ಪದ್ಧತಿಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಪಯುಕ್ತ. ಅಮೆರಿಕದ ಒಂದು ನಿಧಿ ಜಪಾನಿನ ಕಂಪನಿಗಳ ಷೇರು ಕೊಂಡಿದೆ ಎಂದುಕೊಳ್ಳಿ. ಷೇರಿನ ಬೆಲೆ ಏರಿಯೂ ಯೆನ್ ಕುಸಿದರೆ ಡಾಲರ್ ಲೆಕ್ಕದಲ್ಲಿ ನಷ್ಟವಾಗಬಹುದು. ಹೀಗಾಗಿ ನಿಧಿಯು ಷೇರುಗಳ ಮೌಲ್ಯದಷ್ಟು ಯೆನ್ನನ್ನು, ಸಾಮಾನ್ಯವಾಗಿ ಒಂದು ಅಥವಾ ಮೂರು ತಿಂಗಳ ಅವಧಿಗೆ, ಡಾಲರಿನ ಎದುರು ಫಾರ್ವರ್ಡ್‌ನಲ್ಲಿ ಮಾರುತ್ತದೆ. ಅವಧಿ ಮುಗಿದಾಗ ಹಳೆಯ ಕರಾರನ್ನು ಅಂದಿನ ದರದಲ್ಲಿ ಚುಕ್ತಾ ಮಾಡಿ, ಮುಂದಿನ ಅವಧಿಗೆ ಹೊಸ ಕರಾರು ಮಾಡುತ್ತದೆ. ಇದಕ್ಕೆ ರೋಲ್‌ಓವರ್ ಎನ್ನುತ್ತಾರೆ. ಷೇರಿನ ಮೌಲ್ಯ ಏರಿಳಿದಂತೆ ಕರಾರಿನ ಮೊತ್ತವನ್ನೂ ಸರಿಹೊಂದಿಸುತ್ತದೆ.

ಇಲ್ಲಿ ಗಮನಿಸಬೇಕಾದ್ದು ಮೊತ್ತದ ಮೇಲಿನ ಬಿಗಿ. ಯುರೋಪಿನ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್ಮಾ 2017ರ ಜನವರಿಯಲ್ಲಿ ನೀಡಿದ ಅಭಿಪ್ರಾಯದ ಪ್ರಕಾರ, ನಿಧಿಗಳು ಹೂಡಿಕೆದಾರರಿಗೆ ಮಾರುವ, ಕರೆನ್ಸಿ ಹೆಡ್ಜ್ ಮಾಡಿದ ಯೂನಿಟ್‌ಗಳಲ್ಲಿ ಹೆಡ್ಜ್ ಪ್ರಮಾಣವು ಹೆಡ್ಜ್ ಮಾಡಬೇಕಾದ ಮೌಲ್ಯದ ಶೇ. 95ಕ್ಕಿಂತ ಕಡಿಮೆ ಇರಬಾರದು, ಶೇ. 105ನ್ನು ಮೀರಬಾರದು. ನಿಧಿಯ ವ್ಯವಸ್ಥಾಪಕನಿಗೆ ಈ ವಾರ ಯೆನ್ ಏರುತ್ತದೆ ಎಂದು ಬಲವಾಗಿ ಅನ್ನಿಸಿದರೂ ಅಂಥ ಯೂನಿಟ್‌ನಲ್ಲಿ ಹೆಡ್ಜನ್ನು ಅರ್ಧಕ್ಕೆ ಇಳಿಸುವಂತಿಲ್ಲ.

ನಮಗೆ ನೇರವಾಗಿ ತಾಗುವ ಇನ್ನೊಂದು ಸಂಗತಿಯೂ ಇದೆ. 2024ರ ಜೂನ್ 28ರಿಂದ ಭಾರತ ಸರ್ಕಾರದ ಸಾಲಪತ್ರಗಳು ಜೆಪಿ ಮಾರ್ಗನ್‌ನ ಉದಯೋನ್ಮುಖ ದೇಶಗಳ ಸೂಚ್ಯಂಕಕ್ಕೆ, ಅಂದರೆ ಹಣ ಹಂಚುವಾಗ ವಿದೇಶಿ ನಿಧಿಗಳು ಅನುಸರಿಸುವ ಸಾಲಪತ್ರಗಳ ಪಟ್ಟಿಗೆ, ಸೇರಿದವು. ಈ ಪತ್ರಗಳನ್ನು ಕೊಳ್ಳುವ ವಿದೇಶಿ ನಿಧಿಯು ರೂಪಾಯಿ ಕುಸಿತದಿಂದ ರಕ್ಷಣೆ ಬೇಕೆಂದರೆ ಡಾಲರನ್ನು ಫಾರ್ವರ್ಡ್‌ನಲ್ಲಿ ಕೊಳ್ಳಬೇಕು, ಅಂದರೆ ಪ್ರೀಮಿಯಂ ತೆರಬೇಕು. ಉದ್ಯಮಬಾಗದ ಫೌಂಡ್ರಿಯು ಡಾಲರನ್ನು ಫಾರ್ವರ್ಡ್‌ನಲ್ಲಿ ಮಾರುತ್ತದೆ, ಅಂದರೆ ಪ್ರೀಮಿಯಂ ಪಡೆಯುತ್ತದೆ. ಒಂದೇ ಮಾರುಕಟ್ಟೆಯ ಎರಡು ಬದಿಗಳಲ್ಲಿ ಈ ಇಬ್ಬರೂ ನಿಂತಿದ್ದಾರೆ. ಆ ನಿಧಿಗೆ ರಕ್ಷಣೆ ದುಬಾರಿ, ನಿಮಗೆ ಅದೇ ರಕ್ಷಣೆ ಆದಾಯದ ಜೊತೆಗೆ ಸಿಗುತ್ತದೆ. ಹಾಗಿದ್ದೂ ಅವರಲ್ಲಿ ಹೆಡ್ಜ್ ಮಾಡುವವರು ಅದನ್ನು ಕ್ರಮವಾಗಿ ಮಾಡುತ್ತಾರೆ, ನಮ್ಮವರಲ್ಲಿ ಅನೇಕರು ಮಾಡುವುದಿಲ್ಲ ಎಂಬುದೇ ಈ ಲೇಖನ ಬರೆಯಲು ನನಗಿರುವ ಕಾರಣ.

ವಿದೇಶಿ ಷೇರುಗಳಲ್ಲಿ ತೊಡಗಿಸುವ ಭಾರತೀಯ ಮ್ಯೂಚುವಲ್ ಫಂಡ್‌ಗಳು ಸಾಮಾನ್ಯವಾಗಿ ಕರೆನ್ಸಿ ಹೆಡ್ಜ್ ಮಾಡುವುದಿಲ್ಲ. ನೀವು ಅಂಥ ಫಂಡಿನಲ್ಲಿ ಹಣ ಹಾಕಿದ್ದರೆ ಡಾಲರ್ ಏರಿಳಿತದ ಫಲ ನಿಮ್ಮದೇ. ಯೋಜನೆಯ ದಾಖಲೆಯಲ್ಲಿ ಈ ಬಗ್ಗೆ ಬರೆದಿರುತ್ತಾರೆ, ನೋಡಿಕೊಳ್ಳಿ. ಇನ್ನು ಮುಂದಿನದೆಲ್ಲ ರಫ್ತುದಾರರಿಗೆ.

ಹಂತ 1: ನಿಮ್ಮ ಅಪಾಯ ಎಷ್ಟೆಂದು ಬರೆದಿಡಿ

ಒಂದು ವಹಿ ಅಥವಾ ಎಕ್ಸೆಲ್ ಹಾಳೆಯಲ್ಲಿ ಪ್ರತಿ ಆರ್ಡರಿಗೂ ಒಂದು ಸಾಲು ಬರೆಯಿರಿ: ಖರೀದಿದಾರ, ಕರೆನ್ಸಿ, ಮೊತ್ತ, ಮಾಲು ಹೊರಡುವ ದಿನ, ಹಣ ಬರುವ ನಿರೀಕ್ಷಿತ ದಿನ, ಮತ್ತು ದರ ಒಪ್ಪುವಾಗ ನೀವು ಹಿಡಿದಿದ್ದ ಡಾಲರ್ ದರ. ಕೊನೆಯ ಅಂಕಣವನ್ನು ಯಾರೂ ಬರೆಯುವುದಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಪಿಗ್ ಐರನ್, ಸ್ಕ್ರ್ಯಾಪ್, ವಿದ್ಯುತ್, ಕೂಲಿ, ಸಾಗಣೆ ಎಲ್ಲ ಸೇರಿಸಿ ಕಾಸ್ಟಿಂಗಿನ ಬೆಲೆ ಕಟ್ಟುವಾಗ ನಿಮ್ಮ ತಲೆಯಲ್ಲಿ 89.50 ಇತ್ತೆಂದರೆ, ನೀವು ಕಾಪಾಡಬೇಕಾದ ದರ 89.50. ವಾರ್ತೆಯಲ್ಲಿ ಹೇಳುವ ದರವೂ ಅಲ್ಲ, ಕಳೆದ ವರ್ಷದ ಗರಿಷ್ಠ ದರವೂ ಅಲ್ಲ.

ಆಮೇಲೆ ಸಹಜವಾಗಿಯೇ ತೀರಿಹೋಗುವ ಅಪಾಯವನ್ನು ಕಳೆಯಿರಿ. ವಿದೇಶದಿಂದ ಯಂತ್ರದ ಬಿಡಿಭಾಗ ತರಿಸಿದ್ದು ಅದರ ಹಣವನ್ನು ಡಾಲರಿನಲ್ಲೇ ಕೊಡಬೇಕಿದ್ದರೆ, ಅಷ್ಟು ಡಾಲರನ್ನು ನೀವು ರೂಪಾಯಿಗೆ ಬದಲಿಸುವ ಅಗತ್ಯವೇ ಇಲ್ಲ. ರಫ್ತುದಾರರಿಗೆಂದೇ ಇರುವ ಇಇಎಫ್‌ಸಿ ಖಾತೆಯಲ್ಲಿ, ಅಂದರೆ ಬಂದ ವಿದೇಶಿ ಹಣವನ್ನು ಅದೇ ಕರೆನ್ಸಿಯಲ್ಲಿ ಸ್ವಲ್ಪ ಕಾಲ ಇಟ್ಟುಕೊಳ್ಳುವ ಖಾತೆಯಲ್ಲಿ ಇರಿಸಿ ಅದರಿಂದಲೇ ಪಾವತಿಸಬಹುದು.

ಎಚ್ಚರಿಕೆ: ಡಾಲರ್ ರೂಪದಲ್ಲಿ ಪ್ಯಾಕಿಂಗ್ ಕ್ರೆಡಿಟ್, ಅಂದರೆ ಮಾಲು ಕಳುಹಿಸುವ ಮೊದಲು ಬ್ಯಾಂಕು ಕೊಡುವ ಸಾಲ ತೆಗೆದುಕೊಂಡಿದ್ದರೆ, ಆ ಡಾಲರನ್ನು ನೀವು ಸಾಲ ಪಡೆದ ದಿನವೇ ರೂಪಾಯಿಗೆ ಬದಲಿಸಿರುತ್ತೀರಿ, ಖರೀದಿದಾರನ ಹಣ ಬಂದಾಗ ಅದು ಸಾಲಕ್ಕೆ ಜಮಾ ಆಗುತ್ತದೆ. ಅದೇ ಬಿಲ್ಲಿಗೆ ಮತ್ತೆ ಫಾರ್ವರ್ಡ್ ಬುಕ್ ಮಾಡಿದರೆ ಒಂದೇ ಡಾಲರನ್ನು ಎರಡು ಸಲ ಮಾರಿದಂತಾಗುತ್ತದೆ, ಡೆಲಿವರಿ ದಿನ, ಅಂದರೆ ಕರಾರಿನಂತೆ ಬ್ಯಾಂಕಿಗೆ ಡಾಲರ್ ಒಪ್ಪಿಸಬೇಕಾದ ದಿನ, ಕೊಡಲು ಕೈಯಲ್ಲಿ ಡಾಲರ್ ಇರುವುದಿಲ್ಲ.

ಹಂತ 2: ಎಷ್ಟು ಭಾಗ ಹೆಡ್ಜ್ ಮಾಡಬೇಕೆಂದು ಮುಂಚೆಯೇ ನಿರ್ಧರಿಸಿ

ನಿಧಿಗಳಿಂದ ನಾವು ಕಲಿಯಬೇಕಾದದ್ದು ಇಲ್ಲಿದೆ. ಎಷ್ಟು ಭಾಗ ಎಂಬುದನ್ನು ದರ ನೋಡಿ ತೀರ್ಮಾನಿಸಬಾರದು, ವ್ಯವಹಾರದ ಖಚಿತತೆ ನೋಡಿ ತೀರ್ಮಾನಿಸಬೇಕು. ಹಳೆಯ ಖರೀದಿದಾರ, ಮಾಲು ಹೋಗಿದೆ, ಬಿಲ್ಲು ಒಪ್ಪಿಕೊಂಡಿದ್ದಾನೆ ಎಂದರೆ ಶೇ. 70ರಿಂದ 80ರವರೆಗೆ ಹೋಗುವುದರಲ್ಲಿ ತಪ್ಪಿಲ್ಲ. ಆರ್ಡರ್ ಬಂದಿದೆ ಆದರೆ ಎರಕ ಇನ್ನೂ ಆಗಬೇಕಿದೆ ಎಂದರೆ ಅರ್ಧ. ಆರ್ಡರೇ ಇನ್ನೂ ಮಾತಿನಲ್ಲಿದ್ದರೆ ಬೇಡ. ಇವು ನನ್ನ ಅಭಿಪ್ರಾಯದ ಅಂಕಿಗಳು, ನಿಯಮಗಳಲ್ಲ. ಆದರೆ ನಿಮ್ಮದೇ ಒಂದು ಅಂಕಿ ಕಾಗದದ ಮೇಲೆ ಇರಲೇಬೇಕು, ಪಾಲುದಾರರೆಲ್ಲ ಅದಕ್ಕೆ ಸಹಿ ಹಾಕಿರಬೇಕು.

ತಾಜಾ ದ್ರಾಕ್ಷಿ ಕಳುಹಿಸುವವರ ಸ್ಥಿತಿ ಬೇರೆ. ಹಣ್ಣು ಯುರೋಪಿನ ಬಂದರಿಗೆ ತಲುಪಿ ಗುಣಮಟ್ಟ ನೋಡಿದ ಮೇಲೆ ಅಂತಿಮ ಬೆಲೆ ತೀರ್ಮಾನವಾಗುವ ವ್ಯವಹಾರದಲ್ಲಿ, ಬಿಲ್ಲಿನ ಮೊತ್ತವನ್ನೇ ನಂಬಿ ಪೂರ್ತಿ ಬುಕ್ ಮಾಡಿದರೆ, ಕಡಿತವಾದಷ್ಟು ವಿದೇಶಿ ಹಣವನ್ನು ಪೇಟೆಯಿಂದ ಕೊಂಡು ಬ್ಯಾಂಕಿಗೆ ಕೊಡಬೇಕಾದ ಪ್ರಸಂಗ ಬರುತ್ತದೆ. ಖಚಿತವಾಗಿ ಬಂದೇ ಬರುವ ಕನಿಷ್ಠ ಮೊತ್ತವನ್ನಷ್ಟೇ ಅಂಥವರು ಲೆಕ್ಕಕ್ಕೆ ಹಿಡಿಯಬೇಕು. ಬಿಲ್ಲು ಯೂರೋದಲ್ಲಿದ್ದರೆ ಯೂರೋ–ರೂಪಾಯಿ ಕರಾರನ್ನೇ ಮಾಡಬೇಕು. ಡಾಲರ್ ಫಾರ್ವರ್ಡ್ ಬುಕ್ ಮಾಡಿದರೆ ಯೂರೋ ಮತ್ತು ಡಾಲರ್ ನಡುವಿನ ಏರಿಳಿತ ಹಾಗೆಯೇ ಉಳಿಯುತ್ತದೆ.

ಹಂತ 3: ಬ್ಯಾಂಕಿನಲ್ಲಿ ವ್ಯವಸ್ಥೆ ಮಾಡಿಕೊಳ್ಳಿ

ಭಾರತದಲ್ಲಿ ಈ ವ್ಯವಹಾರ 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಮತ್ತು ಅದರಡಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನಗಳ ಪ್ರಕಾರ ನಡೆಯುತ್ತದೆ. ವಿದೇಶಿ ವಿನಿಮಯಕ್ಕೆ ಅಧಿಕಾರ ಪಡೆದ ಬ್ಯಾಂಕಿನೊಂದಿಗೆ ಮಾತ್ರ ಕರಾರು ಮಾಡಬಹುದು. ನಿಮ್ಮ ಶಾಖೆ ಬೆಳಗಾವಿಯಲ್ಲಿದ್ದರೂ ದರ ಕೊಡುವ ಡೀಲಿಂಗ್ ರೂಮ್ ಸಾಮಾನ್ಯವಾಗಿ ಮುಂಬೈಯಲ್ಲಿರುತ್ತದೆ. ಆಮದು-ರಫ್ತು ಕೋಡ್, ಪ್ಯಾನ್, ಯಾರು ಕರಾರು ಮಾಡಬಹುದು ಎಂದು ಹೆಸರಿಸುವ ನಿರ್ಣಯಪತ್ರ, ಬ್ಯಾಂಕಿನ ಮೂಲ ಒಪ್ಪಂದ, ಆರ್ಡರ್ ಅಥವಾ ಬಿಲ್ಲಿನ ಪ್ರತಿ ಬೇಕಾಗುತ್ತವೆ. ಸಂಸ್ಥೆಗಳನ್ನು ಗುರುತಿಸುವ 20 ಅಕ್ಷರಾಂಕಗಳ ಎಲ್‌ಇಐ ಸಂಖ್ಯೆಯನ್ನೂ ಬ್ಯಾಂಕು ಕೇಳಬಹುದು.

ಇವುಗಳ ಜೊತೆಗೆ ಫಾರ್ವರ್ಡ್ ಲಿಮಿಟ್, ಅಂದರೆ ಒಟ್ಟು ಎಷ್ಟು ಮೊತ್ತದವರೆಗೆ ಕರಾರು ಮಾಡಬಹುದು ಎಂಬ ಮಿತಿ, ಮಂಜೂರಾಗಬೇಕು. ನೀವು ಕರಾರಿನಿಂದ ಹಿಂದೆ ಸರಿದರೆ ನಷ್ಟ ಬ್ಯಾಂಕಿನ ತಲೆಗೆ ಬರುವುದರಿಂದ ಅವರು ಇದನ್ನು ಸಾಲದಂತೆಯೇ ನೋಡುತ್ತಾರೆ, ಕೆಲವೊಮ್ಮೆ ಠೇವಣಿಯನ್ನೂ ಭದ್ರತೆಯಾಗಿ ಕೇಳುತ್ತಾರೆ. ಲಿಮಿಟ್ ಮಂಜೂರಾತಿಗೆ ಸಮಯ ಹಿಡಿಯುತ್ತದೆ, ಆದ್ದರಿಂದ ಡಾಲರ್ ಜಾರತೊಡಗಿದ ವಾರದಲ್ಲಿ ಓಡಿ ಹೋಗಿ ಅರ್ಜಿ ಕೊಡುವುದರಿಂದ ಪ್ರಯೋಜನವಿಲ್ಲ. ವಾರ್ಷಿಕ ಸಾಲ ನವೀಕರಣದ ಹೊತ್ತಿಗೇ ಸೇರಿಸಿ ಕೇಳಿ.

ಬ್ಯಾಂಕು ಪ್ರತಿ ಸಲ ದಾಖಲೆ ಕೇಳದಿದ್ದರೂ ಕರಾರಿನ ಹಿಂದೆ ನಿಜವಾದ ವ್ಯವಹಾರ ಇರಲೇಬೇಕು, ಮತ್ತು ಒಂದೇ ಬಿಲ್ಲನ್ನು ತೋರಿಸಿ ಎರಡು ಬ್ಯಾಂಕುಗಳಲ್ಲಿ ಬುಕ್ ಮಾಡುವಂತಿಲ್ಲ.

ಹಂತ 4: ದರ ಓದುವುದನ್ನು ಕಲಿಯಿರಿ

ಬ್ಯಾಂಕು ನಿಮಗೆ 90.35 ಎಂದು ಒಂದೇ ಅಂಕಿ ಹೇಳಿದರೆ ಒಪ್ಪಬೇಡಿ. ಅದನ್ನು ಮೂರು ಭಾಗವಾಗಿ ಬಿಡಿಸಿ ಹೇಳಲು ಕೇಳಿ: ಸ್ಪಾಟ್ 90.00, ಪ್ರೀಮಿಯಂ 45 ಪೈಸೆ, ಅದರಿಂದ ಕಳೆಯುವ ಬ್ಯಾಂಕಿನ ಮಾರ್ಜಿನ್, ಅಂದರೆ ಬ್ಯಾಂಕಿನ ಲಾಭದ ಪಾಲು, 10 ಪೈಸೆ. ಸ್ಪಾಟ್ ಮತ್ತು ಪ್ರೀಮಿಯಂ ಮಾರುಕಟ್ಟೆಯವು, ಅವುಗಳ ಬಗ್ಗೆ ಚೌಕಾಸಿ ಮಾಡಲಾಗದು. ಮಾರ್ಜಿನ್ ಬ್ಯಾಂಕಿನದು, ಅದರ ಬಗ್ಗೆ ಮಾತ್ರ ಚೌಕಾಸಿ. ಒಂದು ಲಕ್ಷ ಡಾಲರಿನ ಮೇಲೆ 10 ಪೈಸೆ ಎಂದರೆ ಹತ್ತು ಸಾವಿರ ರೂಪಾಯಿ. ವರ್ಷದ ವಹಿವಾಟಿಗೆ ಗುಣಿಸಿ ನೋಡಿದರೆ ಒಂದು ಪತ್ರ ಬರೆದು ಮಾರ್ಜಿನ್ ಇಳಿಸಿಕೊಳ್ಳುವುದು ಎಷ್ಟು ಯೋಗ್ಯ ಎಂದು ತಿಳಿಯುತ್ತದೆ.

ಎರಡು ಬ್ಯಾಂಕುಗಳ ದರ ಹೋಲಿಸುವುದಾದರೆ ಒಂದೇ ನಿಮಿಷದಲ್ಲಿ, ಒಂದೇ ಡೆಲಿವರಿ ದಿನಕ್ಕೆ ಕೇಳಬೇಕು. ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರತಿ ಕೆಲಸದ ದಿನ ಪ್ರಕಟಿಸುವ ಡಾಲರ್–ರೂಪಾಯಿ ಉಲ್ಲೇಖ ದರ ನಿಮ್ಮ ಅಂದಾಜಿಗೆ ಆಧಾರವಾಗುತ್ತದೆ, ಆದರೆ ಅದು ಹಿಂದಿನ ಗಂಟೆಗಳ ದರ ಎಂಬುದು ನೆನಪಿರಲಿ. ಸಣ್ಣ ಗ್ರಾಹಕರಿಗೂ ಪಾರದರ್ಶಕ ದರ ಸಿಗಲೆಂದು ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ 2019ರ ಆಗಸ್ಟ್‌ನಲ್ಲಿ ಆರಂಭಿಸಿದ ಎಫ್‌ಎಕ್ಸ್-ರಿಟೇಲ್ ಎಂಬ ವೇದಿಕೆ ಇದೆ. ನಿಮ್ಮ ಬ್ಯಾಂಕಿನ ಮೂಲಕ ಅದರಲ್ಲಿ ನೋಂದಾಯಿಸಿಕೊಳ್ಳಬಹುದೇ ಎಂದು ಕೇಳಿ.

ಹಂತ 5: ಡೆಲಿವರಿ ದಿನ ಆರಿಸಿ

ನಿಗದಿತ ಒಂದೇ ದಿನಕ್ಕೆ ಬುಕ್ ಮಾಡಬಹುದು, ಅಥವಾ ಇಂತಿಂಥ ದಿನಾಂಕಗಳ ನಡುವೆ ಯಾವಾಗ ಬೇಕಾದರೂ ಡಾಲರ್ ಕೊಡುತ್ತೇನೆ ಎಂದು ಒಂದು ಅವಧಿಗೆ ಬುಕ್ ಮಾಡಬಹುದು. ಎರಡನೆಯದಕ್ಕೆ ಆಪ್ಷನ್ ಪೀರಿಯಡ್ ಎನ್ನುತ್ತಾರೆ. ಫಾರಿನ್ ಎಕ್ಸ್‌ಚೇಂಜ್ ಡೀಲರ್ಸ್ ಅಸೋಸಿಯೇಷನ್‌ನ, ಅಂದರೆ ಫೆಡಾಯ್‌ನ, ಪದ್ಧತಿಯಂತೆ ಇದು ಒಂದು ತಿಂಗಳನ್ನು ಮೀರುವುದಿಲ್ಲ. ಖರೀದಿದಾರ ನಾಲ್ಕು ದಿನ ಹಿಂದೆ ಮುಂದೆ ಮಾಡುವುದು ಸಾಮಾನ್ಯವಾದ್ದರಿಂದ ಹೆಚ್ಚಿನವರು ಪೂರ್ತಿ ತಿಂಗಳನ್ನೇ ಕೇಳುತ್ತಾರೆ. ಅದರಲ್ಲಿ ಒಂದು ನಷ್ಟ ಅಡಗಿದೆ. ಜೂನ್ 1ರಿಂದ 30ರವರೆಗೆ ಎಂದು ನೀವು ಕೇಳಿದರೆ, ನೀವು ಮೊದಲ ದಿನವೇ ಡಾಲರ್ ತಂದುಕೊಡಬಹುದು ಎಂದು ಭಾವಿಸಿ ಬ್ಯಾಂಕು ಜೂನ್ 1ರವರೆಗಿನ ಪ್ರೀಮಿಯಂ ಮಾತ್ರ ಕೊಡುತ್ತದೆ. ಹಣ 28ಕ್ಕೆ ಬಂದರೆ ಸುಮಾರು ಒಂದು ತಿಂಗಳ ಪ್ರೀಮಿಯಂ, ಮೇಲಿನ ಉದಾಹರಣೆಯಲ್ಲಿ ಸುಮಾರು 15 ಪೈಸೆ, ನೀವು ಬಿಟ್ಟುಕೊಟ್ಟಂತೆ. ಖರೀದಿದಾರನ ಹಿಂದಿನ ಪಾವತಿಗಳನ್ನು ವಹಿಯಲ್ಲಿ ನೋಡಿ, ಹತ್ತು-ಹದಿನೈದು ದಿನದ ಅವಧಿ ಸಾಕಾಗುತ್ತದೆಯೇ ಎಂದು ಪರೀಕ್ಷಿಸಿ.

ರಜೆಗಳನ್ನೂ ನೋಡಬೇಕು. ಇಲ್ಲಿ ಎಣಿಕೆಗೆ ಬರುವುದು ಮುಂಬೈ ಮತ್ತು ನ್ಯೂಯಾರ್ಕ್ ಎರಡೂ ಕಡೆಯ ಕೆಲಸದ ದಿನಗಳು. ನವೆಂಬರ್ 1ರಂದು ರಾಜ್ಯೋತ್ಸವಕ್ಕೆ ಬೆಳಗಾವಿಯ ಶಾಖೆ ಮುಚ್ಚಿರುತ್ತದೆ, ಆದರೆ ಅದು ವಾರದ ದಿನವಾಗಿದ್ದರೆ ಮುಂಬೈ ಮಾರುಕಟ್ಟೆ ತೆರೆದಿರಬಹುದು. ಅಂದು ಡೆಲಿವರಿಯ ಕೊನೆಯ ದಿನವಾಗಿದ್ದರೆ ಶಾಖೆಗೆ ಕಾಗದ ತಲುಪಿಸಲು ನಿಮಗೆ ದಾರಿಯಿರುವುದಿಲ್ಲ. ನವೆಂಬರ್ ಕೊನೆಯ ವಾರದಲ್ಲಿ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ರಜೆಯಿಂದ ಹಣ ತಡವಾಗುವುದೂ ಉಂಟು. ಕೊನೆಯ ದಿನವನ್ನು ರಜೆಗೆ ತಾಗಿಸದೆ ಎರಡು-ಮೂರು ದಿನ ಮುಂದಿಡುವುದು ಒಳ್ಳೆಯದು.

ಹಂತ 6: ಬುಕ್ ಮಾಡುವ ದಿನ

ಬ್ಯಾಂಕುಗಳ ನಡುವಿನ ವಿನಿಮಯ ಮಾರುಕಟ್ಟೆ ಬೆಳಿಗ್ಗೆ 9ರಿಂದ ಮಧ್ಯಾಹ್ನ 3.30ರವರೆಗೆ ನಡೆಯುತ್ತದೆ. ತೆರೆದ ಮೊದಲ ನಿಮಿಷಗಳಲ್ಲೂ ಮುಚ್ಚುವ ಹೊತ್ತಿನಲ್ಲೂ ದರದ ಅಂತರ ಹೆಚ್ಚಿರುವುದರಿಂದ ನಡುವಿನ ಸಮಯ ಆರಿಸಿ. ಫೋನಿನಲ್ಲಿ ಮಾತಾಡುವಾಗ ನೀವು ಡಾಲರ್ ಮಾರುವವರು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ನಿಮ್ಮ ಮಾರಾಟ ಬ್ಯಾಂಕಿನ ಪುಸ್ತಕದಲ್ಲಿ ಖರೀದಿ ಆಗಿರುತ್ತದೆ, ಈ ಗೊಂದಲದಿಂದ ತಲೆಕೆಳಗಾದ ಕರಾರು ಆಗುವುದುಂಟು. ಡೀಲರ್ ದರ ಹೇಳಿದ ಕೂಡಲೇ ಒಪ್ಪಿಗೆ ಅಥವಾ ಬೇಡ ಎಂದು ಹೇಳಬೇಕು, ಅರ್ಧ ನಿಮಿಷ ಯೋಚಿಸಿದರೆ ದರ ಬದಲಾಗಿರುತ್ತದೆ. ಆದ್ದರಿಂದ ಕನಿಷ್ಠ ಎಷ್ಟು ಬಂದರೆ ಒಪ್ಪುತ್ತೇವೆ ಎಂದು ಫೋನ್ ಎತ್ತುವ ಮೊದಲೇ ಬರೆದಿಟ್ಟುಕೊಳ್ಳಿ. ನೀವು ಹೂಂ ಎಂದ ಮಾತು ಧ್ವನಿಮುದ್ರಣವಾಗಿರುತ್ತದೆ, ಅಲ್ಲಿಗೆ ಕರಾರು ಮುಗಿದಂತೆ.

ಅದೇ ದಿನ ಬರುವ ಡೀಲ್ ಸ್ಲಿಪ್ಪನ್ನು ಗುಮಾಸ್ತನ ಫೈಲಿಗೆ ನೇರವಾಗಿ ಹಾಕಬೇಡಿ. ಕರಾರಿನ ಸಂಖ್ಯೆ, ಬ್ಯಾಂಕ್ ಖರೀದಿ ಎಂಬ ನಮೂದು, ಕರೆನ್ಸಿ, ಮೊತ್ತ, ದಶಾಂಶದ ನಂತರ ನಾಲ್ಕು ಅಂಕಿಯವರೆಗಿನ ದರ, ಡೆಲಿವರಿಯ ಮೊದಲ ಮತ್ತು ಕೊನೆಯ ದಿನಾಂಕ, ಯಾವ ಬಿಲ್ಲಿಗೆ ಎಂಬ ಉಲ್ಲೇಖ, ಇಷ್ಟನ್ನೂ ಬೆರಳಿಟ್ಟು ಓದಿ ನಿಮ್ಮ ವಹಿಯ ಸಾಲಿಗೆ ಬರೆದುಕೊಂಡ ಮೇಲೆ ಸಹಿ ಹಾಕಿ ಕಳುಹಿಸಿ. ತಪ್ಪಿದ್ದರೆ ಅಂದೇ ಹೇಳಿದರೆ ತಿದ್ದಲು ಸುಲಭ, ಡೆಲಿವರಿ ದಿನ ಹೇಳಿದರೆ ಜಗಳ.

ಹಂತ 7: ಹಣ ಬಂದಾಗ, ತಡವಾದಾಗ, ಬಾರದಿದ್ದಾಗ

ಹಣ ಸಮಯಕ್ಕೆ ಬಂದರೆ ಹೇಳುವುದು ಹೆಚ್ಚೇನಿಲ್ಲ. ಹಣ ಬಂತೆಂಬ ಸೂಚನೆ ಸಿಕ್ಕ ಕೂಡಲೇ ಇಂಥ ಸಂಖ್ಯೆಯ ಫಾರ್ವರ್ಡ್ ಕರಾರಿಗೆ ಹೊಂದಿಸಿ ಎಂದು ಬರಹದಲ್ಲಿ ಕೊಡಿ. ಕೊಡದಿದ್ದರೆ ಶಾಖೆಯವರು ಅಂದಿನ ದರದಲ್ಲಿ ಬದಲಿಸಿ ಖಾತೆಗೆ ಹಾಕಿಬಿಡುತ್ತಾರೆ, ಕರಾರು ಹಾಗೆಯೇ ತೆರೆದು ಉಳಿಯುತ್ತದೆ.

ಹಣ ತಡವಾದರೆ ಕರಾರನ್ನು ಮುಂದೂಡಬಹುದು, ಆದರೆ ಹಳೆಯ ದರದಲ್ಲಿಯೇ ಮುಂದುವರಿಸಲು ಅವಕಾಶವಿಲ್ಲ. ಹಳೆಯದನ್ನು ಅಂದಿನ ದರದಲ್ಲಿ ರದ್ದು ಮಾಡಿ, ವ್ಯತ್ಯಾಸವನ್ನು ರೊಕ್ಕದಲ್ಲಿ ತೀರಿಸಿ, ಹೊಸ ದರದಲ್ಲಿ ಹೊಸ ಕರಾರು ಮಾಡಬೇಕು. ನಿಧಿಗಳು ಪ್ರತಿ ತಿಂಗಳು ಮಾಡುವ ರೋಲ್‌ಓವರ್ ಇದೇ, ಮತ್ತು ಅವುಗಳಿಗೂ ಇದೇ ತೊಂದರೆ ಎದುರಾಗುತ್ತದೆ: ಷೇರು ಮಾರದೆಯೇ ಫಾರ್ವರ್ಡ್‌ನ ನಷ್ಟವನ್ನು ಮಾತ್ರ ನಗದಾಗಿ ಕಟ್ಟಬೇಕಾಗುತ್ತದೆ, ಅದಕ್ಕೆಂದೇ ಅವು ಕೈಯಲ್ಲಿ ಸ್ವಲ್ಪ ಹಣ ಇಟ್ಟುಕೊಂಡಿರುತ್ತವೆ. ನೀವೂ ಇಟ್ಟುಕೊಳ್ಳಬೇಕು. ಲೆಕ್ಕದಲ್ಲಿ ಸರಿದೂಗುವ ನಷ್ಟವೂ ಕೂಲಿ ಕೊಡುವ ವಾರದಲ್ಲಿ ಬಂದರೆ ಕಷ್ಟವೇ.

ಆರ್ಡರೇ ರದ್ದಾದರೆ ಏನಾಗುತ್ತದೆಂದು ಅಂಕಿಯಲ್ಲಿ ನೋಡಿ. 60,000 ಡಾಲರನ್ನು 90.35ಕ್ಕೆ ಮಾರಿದ್ದೀರಿ, ಅಂದಿನ ಪೇಟೆಯಲ್ಲಿ ಬ್ಯಾಂಕು ಡಾಲರ್ ಮಾರುವ ದರ 93.00. ನೀವು 93ಕ್ಕೆ ಕೊಂಡು 90.35ಕ್ಕೆ ಕೊಟ್ಟಂತೆ ಲೆಕ್ಕವಾಗಿ, ಡಾಲರಿಗೆ 2.65ರಂತೆ 1,59,000 ರೂಪಾಯಿ ನಿಮ್ಮ ಖಾತೆಯಿಂದ ಹೋಗುತ್ತದೆ. ಮೊತ್ತದಲ್ಲಿ ಅತಿಯಾಸೆ ಬೇಡ ಎಂದು ಎರಡನೆಯ ಹಂತದಲ್ಲಿ ಹೇಳಿದ್ದು ಇದಕ್ಕಾಗಿ.

ಎಲ್ಲಕ್ಕಿಂತ ದೊಡ್ಡ ತಪ್ಪು, ಸುಮ್ಮನಿರುವುದು. ಅವಧಿ ಮುಗಿದು ನೀವು ಏನೂ ತಿಳಿಸದಿದ್ದರೆ ಕೆಲವೇ ಕೆಲಸದ ದಿನಗಳಲ್ಲಿ ಬ್ಯಾಂಕು ತಾನೇ ಕರಾರನ್ನು ರದ್ದು ಮಾಡುತ್ತದೆ. ಹಾಗೆ ರದ್ದಾದಾಗ ನಷ್ಟವಿದ್ದರೆ ನಿಮ್ಮಿಂದ ವಸೂಲಾಗುತ್ತದೆ, ಲಾಭವಿದ್ದರೆ ಸಾಮಾನ್ಯವಾಗಿ ನಿಮಗೆ ದೊರೆಯುವುದಿಲ್ಲ. ಕೊನೆಯ ದಿನಕ್ಕೆ ಒಂದು ವಾರ ಮುಂಚೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಹಂತ 8: ಬಿಲ್ಲನ್ನೂ ಕರಾರನ್ನೂ ಕೂಡಿಸಿ ಲೆಕ್ಕ ನೋಡಿ

ಒಂದು ಲಕ್ಷ ಡಾಲರಿನ ಬಿಲ್ಲಿನಲ್ಲಿ 60,000 ಡಾಲರನ್ನು 90.35ಕ್ಕೆ ಬುಕ್ ಮಾಡಿ, ಉಳಿದ 40,000ವನ್ನು ಹಾಗೆಯೇ ಬಿಟ್ಟಿದ್ದೀರಿ ಎನ್ನೋಣ. ನೀವು ಬೆಲೆ ಕಟ್ಟಿದ್ದು 89.50ರ ಮೇಲೆ, ಅಂದರೆ ನಿಮಗೆ ಬರಬೇಕಾದದ್ದು 89,50,000 ರೂಪಾಯಿ.

ಹಣ ಬಂದ ದಿನ ಡಾಲರ್ 88ಕ್ಕೆ ಇಳಿದಿದ್ದರೆ, ಕರಾರಿನಿಂದ 54,21,000, ಉಳಿದದ್ದರಿಂದ 35,20,000, ಒಟ್ಟು 89,41,000 ಬರುತ್ತದೆ. ಕೊರತೆ ಕೇವಲ 9,000. ಹೆಡ್ಜ್ ಇಲ್ಲದಿದ್ದರೆ ಬರುತ್ತಿದ್ದದ್ದು 88,00,000, ಕೊರತೆ ಒಂದೂವರೆ ಲಕ್ಷ. ಡಾಲರ್ 93ಕ್ಕೆ ಏರಿದ್ದರೆ 54,21,000 ಮತ್ತು 37,20,000 ಸೇರಿ 91,41,000. ಬೆಲೆ ಕಟ್ಟಿದ್ದಕ್ಕಿಂತ 1,91,000 ಹೆಚ್ಚು. ಹೆಡ್ಜ್ ಮಾಡದಿದ್ದರೆ 93 ಲಕ್ಷ ಬರುತ್ತಿತ್ತು ಎಂಬುದು ನಿಜ, ಮತ್ತು ಇಲ್ಲಿಯೇ ಜನ ಎಡವುತ್ತಾರೆ. ಫಾರ್ವರ್ಡ್‌ನಿಂದ 1,59,000 ನಷ್ಟವಾಯಿತು ಎಂದು ಆ ಒಂದು ಸಾಲನ್ನು ಬೇರೆ ಮಾಡಿ ನೋಡಿ, ಪಾಲುದಾರರಲ್ಲಿ ಮಾತಿಗೆ ಮಾತು ಬೆಳೆದು, ಮುಂದಿನ ಸಲ ಬುಕ್ ಮಾಡುವುದನ್ನೇ ನಿಲ್ಲಿಸುತ್ತಾರೆ. ಡಾಲರ್ ಇಳಿಯುವುದು ಸರಿಯಾಗಿ ಆಗಲೇ. ಯಾವುದೇ ನಿಧಿಯ ವರದಿಯಲ್ಲಿ ಹೆಡ್ಜಿನ ನಷ್ಟವನ್ನು ಅದು ಕಾಯುತ್ತಿದ್ದ ಆಸ್ತಿಯ ಲಾಭದೊಂದಿಗೆ ಸೇರಿಸಿಯೇ ಓದುತ್ತಾರೆ. ನಿಮ್ಮ ವಹಿಯಲ್ಲೂ ಕೊನೆಯ ಅಂಕಣ ಒಂದೇ ಇರಲಿ: ಎರಡೂ ಸೇರಿ ಪ್ರತಿ ಡಾಲರಿಗೆ ಸರಾಸರಿ ಎಷ್ಟು ಬಂತು, ಅದು ಬೆಲೆ ಕಟ್ಟಿದ ದರಕ್ಕಿಂತ ಮೇಲೋ ಕೆಳಗೋ.

ಈ ಲೆಕ್ಕ ನೋಡುವ ಹೊತ್ತಿಗೆ ಬ್ಯಾಂಕಿನಿಂದಲೋ ಸಲಹೆಗಾರರಿಂದಲೋ ಇನ್ನೊಂದು ಮಾತು ಬರಬಹುದು: ಫಾರ್ವರ್ಡ್‌ಗಿಂತ ಹೆಚ್ಚಿನ ದರ ಕೊಡುವ, ಖರ್ಚೇ ಇಲ್ಲದ ಒಂದು ವಿಶೇಷ ಯೋಜನೆ ಇದೆ ಎಂದು. 2007–08ರಲ್ಲಿ ಇಂಥ ಸಂಕೀರ್ಣ ಕರಾರುಗಳಿಗೆ ಸಹಿ ಹಾಕಿದ ದೇಶದ ಅನೇಕ ಸಣ್ಣ ರಫ್ತುದಾರರು, ತಿರುಪ್ಪೂರಿನ ಉಡುಪು ತಯಾರಕರೂ ಸೇರಿದಂತೆ, ಬಿಲ್ಲಿನ ಮೊತ್ತವನ್ನು ಮೀರಿದ ನಷ್ಟಕ್ಕೆ ಸಿಲುಕಿ ಕೋರ್ಟಿನ ಮೆಟ್ಟಿಲು ಹತ್ತಿದರು. ಇಂಥ ಕರಾರುಗಳನ್ನೊಳಗೊಂಡ ಡೆರಿವೇಟಿವ್ ವ್ಯವಹಾರದಲ್ಲಿ ನಿಯಮ ಉಲ್ಲಂಘಿಸಿದ್ದಕ್ಕಾಗಿ ರಿಸರ್ವ್ ಬ್ಯಾಂಕ್ 2011ರ ಏಪ್ರಿಲ್‌ನಲ್ಲಿ 19 ಬ್ಯಾಂಕುಗಳಿಗೆ ದಂಡ ವಿಧಿಸಿತು. ಆನಂತರ ಸಣ್ಣ ಗ್ರಾಹಕರಿಗೆ ಯಾವ ಬಗೆಯ ಕರಾರು ಮಾರಬಹುದು ಎಂಬುದಕ್ಕೆ ಮಿತಿಗಳು ಬಂದಿವೆ. ಆದರೂ ಡಾಲರ್ ಏರಿದರೆ, ಇಳಿದರೆ, ಇದ್ದಲ್ಲೇ ಇದ್ದರೆ ಈ ಮೂರೂ ಸ್ಥಿತಿಯಲ್ಲಿ ನನಗೆ ಎಷ್ಟು ರೂಪಾಯಿ ಬರುತ್ತದೆ ಅಥವಾ ಹೋಗುತ್ತದೆ ಎಂದು ಒಂದೇ ಹಾಳೆಯಲ್ಲಿ, ಬ್ಯಾಂಕಿನ ಮೊಹರಿನೊಂದಿಗೆ ಬರೆದುಕೊಡಲು ಕೇಳಿ. ಬರೆದುಕೊಡಲು ಹಿಂಜರಿದರೆ ಆ ಯೋಜನೆ ಬೇಡ, ಸಾದಾ ಫಾರ್ವರ್ಡ್ ಕಾಂಟ್ರಾಕ್ಟೇ ಇರಲಿ.